ದೊಡ್ಡಪ್ಪನ ಚಂದ್ರಸುಳಿ

ಮಹಾರಾಜರ ಆಳ್ವಿಕೆಯ ಆ ದಿನಗಳಲ್ಲಿ ಬೆಟ್ಟದಪುರದ ಸುತ್ತಿನ ನಮ್ಮ ಊರುಗಳಲ್ಲಿ ಮಳೆಗಾಲ ಬಂತೆಂದರೆ ಹುಳುಕಡ್ಡಿ ಏಳದ ಮನೆಯಿರಲಿಲ್ಲ. ಆರದ ಬಟ್ಟೆ, ಕೊಟ್ಟಿಗೆಯ ಗಂಜಲದ ವಾಸನೆ, ಕೆರೆತ ಎಲ್ಲ ಒಟ್ಟಿಗೇ ಬರುತ್ತಿದ್ದವು. ಯಾರೂ ಅದನ್ನು ದೊಡ್ಡದು ಮಾಡುತ್ತಿರಲಿಲ್ಲ. ನನ್ನ ತಲೆಗೆ ಅದನ್ನು ಅಂಟಿಸಿದವನು ಮಾತ್ರ ನನ್ನ ದೊಡ್ಡಪ್ಪ.

ದನದ ಮೈಯ ಕೂದಲಸುಳಿ ನೋಡಿ ಲಕ್ಷಣ ಹೇಳುವುದರಲ್ಲಿ ತನ್ನನ್ನು ಮೀರಿಸುವವರು ಇಡೀ ಸೀಮೆಯಲ್ಲಿಲ್ಲ ಎಂಬ ಜಂಬ ಅವನಿಗೆ. ಹಣೆತುಂಬ ವಿಭೂತಿ, ಬಾಯ್ತುಂಬ ಎಲೆಯಡಿಕೆ, ಹಿಂದಲೆಯಲ್ಲಿ ಗಂಟು ಹಾಕಿದ ಜುಟ್ಟು. ಒಂದು ಸಲ ಹುಣಸೂರಿನ ಸಂತೆಯಿಂದ ಒಂದು ಹೋರಿಗರುವನ್ನು ಹೊಡೆದುಕೊಂಡು ಬಂದ. ಅದರ ಹಣೆಯಲ್ಲಿ ಕೂದಲುದುರಿ, ಬೂದಿ ಬಳಿದ ಹಾಗೆ ಗುಂಡಗೆ ಒಂದು ಬಿಲ್ಲೆ.

“ಚಂದ್ರಸುಳಿ ಕಣ್ರೋ. ಅರಮನೇಲೂ ಇಂಥದ್ದಿಲ್ಲ,” ಎಂದ.

ಅವ್ವ ನನ್ನ ಕಿವಿಯಲ್ಲಿ, “ಅದು ಹುಳುಕಡ್ಡಿ ಕಣವ್ವ, ಮುಟ್ಬ್ಯಾಡ,” ಎಂದಳು. ಭಾವನ ಎದುರು ಮಾತಾಡುವ ರೂಢಿ ಅವಳಿಗಿರಲಿಲ್ಲ. ಅದೃಷ್ಟ ಅಂಟಲೆಂದು ದೊಡ್ಡಪ್ಪ ದಿನಾ ಬೆಳಗೆದ್ದು ಕರುವಿನ ಹಣೆಗೆ ಹಣೆ ಹಚ್ಚಿ, ನನ್ನನ್ನೂ ಜಡೆ ಹಿಡಿದು ಬಗ್ಗಿಸಿ ನೆತ್ತಿ ಹಚ್ಚಿಸುತ್ತಿದ್ದ.

ಸ್ವಲ್ಪ ದಿನಕ್ಕೇ ನನ್ನ ನೆತ್ತಿಯಲ್ಲಿ ಉಂಗುರ ಎದ್ದು ಕೂದಲು ಉದುರತೊಡಗಿತು. ಕುಂಟೆಬಿಲ್ಲೆ ಆಡಲು ಹೋದರೆ ಪಕ್ಕದ ಮನೆಯ ಶಿವಮ್ಮ, “ನೀ ಅತ್ಲಾಗೆ ನಿಂತ್ಕೊಂಡು ನೋಡು ಬುಡು,” ಎಂದಳು. ದೊಡ್ಡಪ್ಪ ಜಗಲಿಯಲ್ಲಿ ಕೂತು ತೀರ್ಪು ಕೊಟ್ಟ: “ಕೊಳಕು ಮುಂಡೇದು, ಕರುಗೂ ಅಂಟುಸ್ಬುಟ್ಟಾತು. ನಾಳೀಕೆ ತಲೆ ಬೋಳ್ಸಿ.” ಸೊಂಟ ಮುಟ್ಟುವ ಜಡೆ ನನ್ನದು.

ಬೆಳಿಗ್ಗೆ ಕ್ಷೌರದ ರಂಗಣ್ಣ ಬಂದ. ಮನೆಗೆ ಹಿರಿಯನೆಂದು ಮೊದಲು ದೊಡ್ಡಪ್ಪನೇ ಕೂತ. ಮುಂದಲೆ ಬೋಳಿಸಲು ರಂಗಣ್ಣ ನೀರು ತಟ್ಟಿ ಉಜ್ಜಿದ, ವಿಭೂತಿ ಕರಗಿತು. ಅಡಿಯಲ್ಲಿ ಕೆಂಪಗೆ, ಅಂಚು ಕಟ್ಟಿಕೊಂಡ ಗುಂಡನೆಯ ಬಿಲ್ಲೆ.

ರಂಗಣ್ಣ ಕತ್ತಿ ಕೆಳಗಿಟ್ಟ. “ಬುದ್ಧಿ, ತಮಗೂ ಚಂದ್ರಸುಳಿ ಬಂದದಲ್ಲ.”

“ಬಿಸ್ಲುಗುಳ್ಳೆ ಕಣೋ. ಬೇಗ ಮುಗುಸ್ಬುಟ್ಟು ಆ ಹೆಣ್ಣ ಕೂರುಸ್ಕೊ.”

ವಾರದಿಂದ ಮಳೆ ಬಿಟ್ಟಿರಲಿಲ್ಲ.

ಆಗ ಬಾಗಿಲ ಹಿಂದಿನಿಂದ ಅವ್ವನ ದನಿ ಬಂತು: “ರಂಗಣ್ಣ, ಮೊದ್ಲು ಭಾವನೋರ ಜುಟ್ಟು ಪೂರ್ತಿ ತೆಗಿಯಪ್ಪ. ಮಗೀನ ಆಮ್ಯಾಕೆ ಕೂರುಸ್ತೀನಿ.”

ದೊಡ್ಡಪ್ಪ ಬಾಯಿ ತೆರೆದ. ಎಲೆಯಡಿಕೆಯ ರಸ ಗದ್ದಕ್ಕಿಳಿಯಿತು. ಜುಟ್ಟನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಒಳಗೆ ನಡೆದ. ರಂಗಣ್ಣ ನನ್ನತ್ತ ನೋಡಿ, ನಕ್ಕು, ಕತ್ತಿಯನ್ನು ಹಡಪದ ಚೀಲಕ್ಕೆ ಹಾಕಿ ಕಟ್ಟಿದ.

ಅವ್ವ ತಗಚೆ ಸೊಪ್ಪನ್ನು ನಿಂಬೆರಸದಲ್ಲಿ ಅರೆದು ನನಗೂ ಕರುವಿಗೂ ಬಳಿದಳು. ದೊಡ್ಡಪ್ಪ ಬಾಯಿಬಿಟ್ಟು ಕೇಳಲಿಲ್ಲ. ಯಾರೂ ಇಲ್ಲದಾಗ ಬಟ್ಟಲಿಗೆ ಬೆರಳಿಟ್ಟು ಕದ್ದು ಬಳಿದುಕೊಂಡ. ಕರುವಿನ ಹಣೆಯಲ್ಲಿ ಕೂದಲು ಬಂದಾಗ, ಮನೆಯ ಅದೃಷ್ಟ ಅಳಿಸಿದಳೆಂದು ಅವ್ವನನ್ನೇ ಬೈದ.

ಈಗ ಹುಳುಕಡ್ಡಿಗೆ ಅಂಗಡಿಯಲ್ಲಿ ಮುಲಾಮು ಸಿಗುತ್ತದೆ. ಬೇಲಿಯ ತಗಚೆ ಯಾರಿಗೂ ಬೇಡ. ಈ ವಯಸ್ಸಿಗೆ ನನ್ನ ಜಡೆ ಬೆರಳಷ್ಟೇ ದಪ್ಪ ಉಳಿದಿದೆ. ದಿನವೂ ನನ್ನ ನೆತ್ತಿ ತಡವಿ, ಕೂದಲು ಮೊಳೆತಿದೆಯೇ ಎಂದು ನೋಡುತ್ತಿದ್ದ, ಹಸಿಸೊಪ್ಪಿನ ಘಾಟಿನ ಅವ್ವನ ಆ ಕೈ ಹೋಯಿತು. ದೊಡ್ಡಪ್ಪನೂ ಹೋದ. ಅವನನ್ನು ನಾನು ಕಳೆದುಕೊಂಡವುಗಳಲ್ಲಿ ಸೇರಿಸಿಲ್ಲ.