ತಗಡಿನ ಮೇಲೆ ಸವಳು ಮಣ್ಣು

ಮೊನ್ನೆ ಬಚ್ಚಲು ಮನೆಯ ತಗಡಿನ ಮೇಲಿಟ್ಟಿದ್ದ ಹೂವಿನ ಕುಂಡವನ್ನು ಎತ್ತಿದೆ. ಅಡಿಯಲ್ಲಿ ಹಸಿ ಮಣ್ಣು, ಮಣ್ಣಿನಡಿ ತುಕ್ಕು. ಎರಡೂ ಕೂಡಿದ ವಾಸನೆ ಮೂಗಿಗೆ ಬಡಿಯಿತು... ಕುಂಡವನ್ನು ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಯಾದಗಿರಿಯ ಈ ಬಾಡಿಗೆ ಮನೆಗೆ ಬಂದು ಎಷ್ಟೋ ವರ್ಷಗಳಾದವು. ಆ ವಾಸನೆ ಮಾತ್ರ ನನ್ನನ್ನು ದೇವಾಪುರದ ಹೊಲಕ್ಕೆ ಎಳೆದುಕೊಂಡು ಹೋಯಿತು.

ಆಗ ನಮ್ಮ ಮನೆಗೆ ಗಾಲಿಗಳಿದ್ದವು. ನಮ್ಮ ಮನೆಯವರು ಕರೆಂಟಿನ ಕಂಬ ನೆಡಿಸುವ ಗುತ್ತಿಗೆದಾರನೊಬ್ಬನ ಹತ್ತಿರ ಸಾಮಾನು ಕಾಯುವ ಕೆಲಸದಲ್ಲಿದ್ದರು. ಇರಲಿಕ್ಕೆ ಕೊಟ್ಟಿದ್ದು ಟ್ರ್ಯಾಕ್ಟರಿಗೆ ಕಟ್ಟಿ ಎಳೆಯುವ ಟ್ರೇಲರ್. ಹೊರಗೆಲ್ಲ ತಗಡು, ಒಳಗೆ ಪ್ಲೈವುಡ್, ಒಂದು ಬಾಗಿಲು, ಒಂದು ಕಿಟಕಿ. ಕಂಬಗಳು ಮುಂದೆ ಹೋದಂತೆ ಮನೆಯೂ ಹೋಗುತ್ತಿತ್ತು. ವನದುರ್ಗದ ಹತ್ತಿರ ಕೆಲವು ತಿಂಗಳಿದ್ದು ದೇವಾಪುರಕ್ಕೆ ಬಂದಾಗ ನಾನು ಐದು ತಿಂಗಳ ಬಸುರಿ. ಅವರು ವಾರಗಟ್ಟಲೆ ಲೈನಿನ ಮೇಲೆ ಹೋಗಿಬಿಡುತ್ತಿದ್ದರು. ಗಾಲಿ ಇದ್ದದ್ದು ಮನೆಗೆ, ನಾನು ಮಾತ್ರ ಆ ಬಾಗಿಲು ದಾಟಿ ಎಲ್ಲಿಗೂ ಹೋಗುವಂತಿರಲಿಲ್ಲ.

ಬದುವಿನಾಚೆ, ಊರಿನ ಕೊನೆಯ ಮನೆ ಮುತ್ಯಾನದು. ಸಂಬಂಧದಲ್ಲಿ ನನಗೆ ಅಜ್ಜನೇನಲ್ಲ. ಊರಿಗೆಲ್ಲ ಮುತ್ಯಾ, ಹಾಗಾಗಿ ನನಗೂ ಮುತ್ಯಾ. ಮಣ್ಣಿನ ಮಾಳಿಗೆ ಸರಿ ಮಾಡುವುದು ಅವನ ಕಸುಬು. ಮಳೆಗಾಲಕ್ಕೆ ಮುಂಚೆ ಹಳ್ಳದ ದಂಡೆಯ ಸವಳು ಮಣ್ಣು ತಂದು, ಮಾಳಿಗೆಗೆ ಹಾಕಿ, ತುಳಿದು ಬಡಿದನೆಂದರೆ ಆ ಮನೆಯವರು ಹನಿಗೆ ಪಾತ್ರೆ ಇಡುವುದಿಲ್ಲ ಎಂದು ಊರು ನಂಬಿತ್ತು. ಉಪ್ಪಿನಂಶದ ಆ ಮಣ್ಣಿನಲ್ಲಿ ಹುಲ್ಲು ಹುಟ್ಟುವುದಿಲ್ಲ, ನೀರು ಇಳಿಯುವುದಿಲ್ಲ. ಯಾರಾದರೂ ಹೊಗಳಿದರೆ ಮುತ್ಯಾ ತಲೆ ತಗ್ಗಿಸಿ ಮೀಸೆಯಲ್ಲೇ ನಗುತ್ತಿದ್ದ. ಅವನಿಗಿದ್ದ ಆಸ್ತಿಯೆಂದರೆ ಆ ಹೆಸರೊಂದೇ.

ಶಿವರಾತ್ರಿ ಕಳೆಯುತ್ತಲೇ ತಗಡು ಕಾಯತೊಡಗಿತು. ಮಧ್ಯಾಹ್ನ ಒಳಗೆ ಕೂತರೆ ಹಂಚಿನ ಮೇಲಿನ ರೊಟ್ಟಿಯ ಪಾಡು. ನಾನು ರಂಗಂಪೇಟೆಯ ಮಣ್ಣಿನ ಮಾಳಿಗೆಯ ಕೆಳಗೆ ಹುಟ್ಟಿ ಬೆಳೆದವಳು. ಬೇಸಿಗೆಯಲ್ಲೂ ನಮ್ಮ ಮನೆ ತಣ್ಣಗಿರುತ್ತಿತ್ತು. ಒಂದು ದಿನ ಮುತ್ಯಾನನ್ನು ಕರೆದು, "ಇದರ ಮ್ಯಾಲೂ ಒಂದು ಪದರ ಮಣ್ಣು ಹಾಕ್ರಿ ಮುತ್ಯಾ, ತಂಪರೆ ಆಗ್ತದ" ಎಂದೆ.

ಅವನು ಟ್ರೇಲರಿನ ಸುತ್ತ ಒಂದು ಸುತ್ತು ಬಂದ. ತಗಡನ್ನು ಬೆರಳಿನಿಂದ ಬಡಿದು ನೋಡಿದ. "ತಗಡಿನ ಮ್ಯಾಲ ನಾ ಎಂದೂ ಹಾಕಿಲ್ಲ ತಂಗಿ. ಇದರ ಗುಣ ನನಗ ಗೊತ್ತಿಲ್ಲ" ಎಂದ.

ನಾನು ಬಿಡಲಿಲ್ಲ. ಬಸುರಿ ಹೆಂಗಸು ಬಾಯಿಬಿಟ್ಟು ಕೇಳಿದ್ದನ್ನು ಇಲ್ಲವೆನ್ನಬಾರದು ಎಂಬುದು ನಮ್ಮ ಕಡೆಯ ಮಾತು. ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಗೊತ್ತಿದ್ದೇ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಇನ್ನೊಮ್ಮೆ ಕೇಳಿದೆ. ಎರಡೇ ದಿನದಲ್ಲಿ ಮುತ್ಯಾ ಮಣ್ಣು ಹಾಕಿ ಮುಗಿಸಿದ. ಮಣ್ಣು ಬಿರಿಯದಿರಲೆಂದು ಸಂಜೆಸಂಜೆಗೆ ನೀರನ್ನೂ ಚಿಮುಕಿಸುತ್ತಿದ್ದ. ಒಳಗೆ ನಿಜಕ್ಕೂ ತಂಪಾಯಿತು.

ಗುತ್ತಿಗೆದಾರನ ಮಾಲು, ಅದಕ್ಕೊಂದು ಮೊಳೆ ಸಹ ಹೊಡೆಯಬೇಡ ಎಂದು ನಮ್ಮ ಮನೆಯವರು ಮೊದಲೇ ಹೇಳಿದ್ದರು. ವಾರ ಬಿಟ್ಟು ಬಂದವರು ಮೇಲೆ ನೋಡಿ, ಇದೇನು ಎಂದರು. "ಮುತ್ಯಾ ತಾನೇ ಹಾಕ್ಯಾನ್ರಿ, ನಾ ಬ್ಯಾಡ ಅಂದೆ" ಎಂದುಬಿಟ್ಟೆ. ಸಾಸಿವೆಯಷ್ಟು ಸುಳ್ಳು. ತಂಪಿನಲ್ಲಿ ಒಂದು ನಿದ್ದೆ ಮಾಡಿ ಎದ್ದ ಮೇಲೆ ಅವರೂ ಮತ್ತೇನೂ ಕೇಳಲಿಲ್ಲ.

ತವರಿನಲ್ಲಿ ಹೆರಿಗೆಯಾಗಿ, ಮೂರು ತಿಂಗಳ ಮಗಳನ್ನು ಎತ್ತಿಕೊಂಡು ಟ್ರೇಲರಿಗೆ ಮರಳಿದೆ. ಶ್ರಾವಣದ ಮಳೆ ಹಿಡಿಯಿತು. ನಮ್ಮ ಮನೆಯವರು ಶಹಾಪುರದ ಗೋದಾಮಿಗೆ ಹೋದವರು, ಹಳ್ಳ ತುಂಬಿ ಅತ್ತಲೇ ಉಳಿದರು. ಗಾಲಿಗಳು ಎರೆಮಣ್ಣಿನಲ್ಲಿ ಅರ್ಧ ಹೂತಿದ್ದವು. ನೆಲಕ್ಕೆ ಕಾಲಿಟ್ಟರೆ ಮೊಣಕಾಲವರೆಗೆ ಕೆಸರು. ಮರುದಿನ ಬೆಳಿಗ್ಗೆ ಮಗುವಿನ ಹಾಸಿಗೆ ಒದ್ದೆಯಾಗಿತ್ತು. ಉಚ್ಚೆ ಹೊಯ್ದಿರಬೇಕೆಂದು ಬಟ್ಟೆ ಬದಲಿಸಿದೆ. ಮತ್ತೆ ಒದ್ದೆ. ಹಾಸಿಗೆಯನ್ನು ಆ ಮೂಲೆಗೆ ಎಳೆದೆ, ಈ ಮೂಲೆಗೆ ಎಳೆದೆ. ಮೇಲಿನ ಪ್ಲೈವುಡ್ಡು ಉಬ್ಬಿಕೊಂಡು ಎಲ್ಲೆಂದರಲ್ಲಿ ತೊಟ್ಟಿಕ್ಕುತ್ತಿತ್ತು. ಮಗುವಿನ ಎದೆ ಗೊರಗೊರ ಅನ್ನತೊಡಗಿತು. ಅದನ್ನು ಎದೆಗವಚಿಕೊಂಡು ಆ ಪೆಟ್ಟಿಗೆಯೊಳಗೆ ಎದ್ದು ನಿಲ್ಲುವುದು, ಕೂರುವುದು, ಇಷ್ಟೇ. ಬಹಳ ಅಂಜಿದ್ದೆ.

ಮಧ್ಯಾಹ್ನ ತಲೆಗೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು, ಕೆಸರು ತುಳಿಯುತ್ತ ಮುತ್ಯಾ ಬಂದ. ಮಗುವಿನ ಉಸಿರಿಗೆ ಕಿವಿಯಿಟ್ಟು ಕೇಳಿದ. ಕೂಡಲೇ ಸೊಂಟಕ್ಕೆ ಪಂಚೆ ಬಿಗಿದ. "ತೊಟ್ಟಿಕ್ಕೂದು ಒಂದು ಕಡಿ, ನೀರು ಹೊಕ್ಕಿದ್ದು ಇನ್ನೊಂದು ಕಡಿ ಇರತದ. ಹೊಕ್ಕಿದ್ದು ಎಲ್ಲಿ ಅಂತ ಹಿಡೀಬೇಕು" ಎಂದ.

ಮಳೆ ತುಸು ನಿಂತಿತ್ತು. ಉಬ್ಬಿದ ಪ್ಲೈವುಡ್ಡನ್ನು ಅರಿವೆಯಿಂದ ಒರೆಸಿ, ಸಂದುಸಂದಿಗೂ ಒಲೆಯ ಬೂದಿ ಹಚ್ಚಿದ. ನೀರು ಬಂದ ಕಡೆ ಬೂದಿ ಕಪ್ಪಾಗುತ್ತದೆ, ಆಗ ಗೋಡೆ ಬಡಿ ಎಂದು ನನಗೆ ಹೇಳಿ ಹೊರಗೆ ಹೋದ. ಗಾಳಿಗೆ ಬೂದಿ ಹಾರದಿರಲೆಂದು ಬಾಗಿಲು ಎಳೆದು ಹೊರಗಿನಿಂದ ಚಿಲಕ ಹಾಕಿದ. ಮಗು, ನಾನು, ಕೈಯಲ್ಲೊಂದು ಬ್ಯಾಟರಿ. ಮೊದಲು ಕಿಟಕಿಯ ಕೆಳಗೆ ಒಂದು ಕೊಡ ನೀರು ಸುರಿದ ಸಪ್ಪಳ. ಬೂದಿ ಹಾಗೇ ಇತ್ತು. ಆಮೇಲೆ ಕಿಟಕಿಯ ಮೇಲೆ, ಆಮೇಲೆ ಬಾಗಿಲಿನ ಸಂದಿಗೆ. ಪ್ರತಿ ಕೊಡಕ್ಕೂ ಅಷ್ಟು ಹೊತ್ತು ಕಾಯುವುದು. ಒಳಗೆ ಗಾಳಿಯಿಲ್ಲ, ಬೂದಿ ಮೂಗಿಗೇರುತ್ತಿತ್ತು, ಮಗು ಅಳುತ್ತಿತ್ತು. ಬಾಗಿಲು ತೆರೆಯಿರಿ ಎಂದು ಕೂಗಬೇಕೆನಿಸಿತು. ಕೂಗಿದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕು.

ಕೊನೆಗೆ ಮಾಳಿಗೆಯ ಮೇಲೆ ಸುರಿದ. ಬೂದಿ ಒಂದು ಕಡೆ ಕಪ್ಪಾಯಿತು. ನಾನು ಗೋಡೆ ಬಡಿದೆ. ಪಕ್ಕದಲ್ಲಿ ಇನ್ನೊಂದು, ಅದರಾಚೆ ಮತ್ತೊಂದು... ಬಡಿಯುತ್ತಲೇ ಇದ್ದೆ. ಮೇಲೆ ಕೈಯಿಂದ ಮಣ್ಣು ಕೆರೆಯುವ ಸಪ್ಪಳ ಬಹಳ ಹೊತ್ತು ಬಂತು. ಆಮೇಲೆ ನಿಂತಿತು. ಅವನು ಇಳಿಯಲಿಲ್ಲ.

ಚಿಲಕ ತೆಗೆದಾಗ ಅವನ ಮುಷ್ಟಿಯಲ್ಲಿ ಹಪ್ಪಳದಂಥ ತಗಡಿನ ಚೂರುಗಳಿದ್ದವು. "ಉಪ್ಪು ತಿಂದದ ತಂಗಿ. ನನ್ನ ಮಣ್ಣೇ ಇದನ್ನ ತಿಂದದ" ಎಂದ. ಅವನ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಕೇಳಿರಲಿಲ್ಲ. ಮನೆಗೆ ಹೋಗಿ ಗೊಬ್ಬರದ ಚೀಲಗಳನ್ನು ಬಿಚ್ಚಿ ಹೊಲಿಸಿಕೊಂಡು ಬಂದು, ಮೇಲೆ ಹೊದಿಸಿ ಹಗ್ಗದಿಂದ ಬಿಗಿದ. ಅವತ್ತು ಮಗು ಒಣ ಹಾಸಿಗೆಯ ಮೇಲೆ ಮಲಗಿತು. ಮಗಳು ಬದುಕಿದ್ದೇ ಆ ಚೀಲಗಳಿಂದ ಎಂದು ನಾನು ಈಗಲೂ ನಂಬಿದ್ದೇನೆ.

ಮೂರನೆಯ ದಿನ ಹಳ್ಳ ಇಳಿಯಿತು. ನಮ್ಮ ಮನೆಯವರು ಬಂದರು, ಜೊತೆಗೆ ಗುತ್ತಿಗೆದಾರನ ಸೂಪರ್‌ವೈಸರ್. ಹೂತ ಗಾಲಿ ಎತ್ತಲು ಊರಿನ ಹತ್ತಿಪ್ಪತ್ತು ಜನ ಸೇರಿದ್ದರು. ಸೂಪರ್‌ವೈಸರ್ ಮೇಲೆ ಹತ್ತಿ ನೋಡಿದವನು ಅಲ್ಲಿಂದಲೇ, ಯಾವ ಬುದ್ಧಿಗೇಡಿ ಇದರ ಮೇಲೆ ಮಣ್ಣು ಹೇರಿದ್ದು ಎಂದು ಕೂಗಿದ. ನಮ್ಮ ಮನೆಯವರು ಮುತ್ಯಾನ ಕಡೆ ತಿರುಗಿದರು. "ಯಾರು ಹೇಳಿದ್ರು ನಿನಗ ಹಾಕು ಅಂತ?"

ಮುತ್ಯಾ ನನ್ನ ಕಡೆ ಒಮ್ಮೆ ನೋಡಿದ. ನಾನು ಮಗುವಿನ ಕುಲಾಯಿಯ ದಾರ ಕಟ್ಟತೊಡಗಿದೆ. ಕಟ್ಟಿದ್ದನ್ನೇ ಬಿಚ್ಚಿ ಮತ್ತೆ ಕಟ್ಟಿದೆ. ನಿಜ ಹೇಳಿದರೆ ಅವರ ಕೆಲಸ ಹೋಗುತ್ತದೆ, ಹಿಂದೆ ಹೇಳಿದ ಸುಳ್ಳೂ ಬಯಲಾಗುತ್ತದೆ.

"ಯಾರೂ ಹೇಳಿಲ್ರಿ. ನಂದೇ ತಪ್ಪದ" ಎಂದ ಮುತ್ಯಾ.

ಜನ ನಕ್ಕರು. ಉಪ್ಪು ತಿಂದವರು ನೀರು ಕುಡಿಯಬೇಕು ಅನ್ನುತ್ತಾರೆ. ತಿಂದವಳು ನಾನು, ಕುಡಿದವನು ಮುತ್ಯಾ. ಮರುದಿನ ಟ್ರ್ಯಾಕ್ಟರ್ ನಮ್ಮನ್ನು ಎಳೆದುಕೊಂಡು ಹೊರಟಾಗ ಅವನು ಬದುವಿನ ಮೇಲೆ ನಿಂತು ಮಗುವಿಗೆ ಕೈ ಬೀಸಿದ...

ಕೆಲವು ವರ್ಷಗಳ ಹಿಂದೆ ಸುರಪುರದ ಬಸ್ ಸ್ಟ್ಯಾಂಡಿನಲ್ಲಿ ದೇವಾಪುರದ ಹೆಣ್ಣುಮಗಳೊಬ್ಬಳು ಸಿಕ್ಕಿದ್ದಳು. ಊರ ಕೊನೆಯ ಮನೆಯ ಮುತ್ಯಾ ಹೇಗಿದ್ದಾನೆಂದು ಕೇಳಿದೆ. "ತಗಡು ತಿಂದ ಮುತ್ಯಾನ? ಹೋಗಿ ಎರಡು ವರ್ಷ ಆತಲ್ರಿ" ಎಂದಳು. ಆ ಮಳೆಗಾಲದ ನಂತರ ಅವನನ್ನು ಯಾರೂ ಮಾಳಿಗೆಗೆ ಕರೆಯಲಿಲ್ಲವಂತೆ, ಅವನೂ ಹತ್ತಲಿಲ್ಲವಂತೆ. ಮಣ್ಣು ಹಾಕಿಸಿದ್ದು ನಾನು ಎಂದು ಅವಳಿಗಾದರೂ ಹೇಳಬಹುದಿತ್ತು. ಯಾದಗಿರಿ ಬಸ್ಸು ಬಂತು, ಹತ್ತಿ ಕೂತೆ.

ಈಗ ಹೇಳಿದರೆ ಕೇಳಿಸಿಕೊಳ್ಳಬೇಕಾದವನೇ ಇಲ್ಲ. ಆದರೂ ಮೊನ್ನೆ ಊಟಕ್ಕೆ ಕೂತಾಗ ನಮ್ಮ ಮನೆಯವರಿಗೆ ಹೇಳಿಯೇಬಿಟ್ಟೆ. ದೇವಾಪುರದಲ್ಲಿ ನಾನು ಸುಳ್ಳು ಹೇಳಿದ್ದೆ, ಮುತ್ಯಾ ಬೇಡವೆಂದರೂ ನಾನೇ ಹಟ ಹಿಡಿದು ಹಾಕಿಸಿದ್ದೆ, ಅವನ ಹೆಸರು ಕೆಟ್ಟದ್ದು ನನ್ನಿಂದ ಎಂದೆ.

ರೊಟ್ಟಿ ಮುರಿಯುತ್ತಿದ್ದ ಅವರು ತಲೆಯೆತ್ತಿದರು.

"ಯಾವ ಮುತ್ಯಾ?" ಎಂದರು.