ಹಿಂಬದಿಯ ಸ್ವಿಚ್ಚು

ಬೀದಿಗೆಲ್ಲ ಅವಳು ಸೈರನ್ ಅಕ್ಕ. ಮಿಕ್ಸಿ ಸುಟ್ಟುಕೊಂಡವರು, ಫ್ಯಾನು ನಿಂತುಹೋದವರು, ಇಸ್ತ್ರಿಪೆಟ್ಟಿಗೆ ಕೈಕೊಟ್ಟವರು ರಿಪೇರಿ ಅಂಗಡಿಯ ಮೆಟ್ಟಿಲ ಮೇಲೆ ನಿಂತು, "ಸೈರನ್ ಅಕ್ಕ ಇದ್ದಾರಾ?" ಎಂದೇ ಕೇಳುತ್ತಿದ್ದರು. ಅವಳು ಓಗೊಡುತ್ತಿದ್ದಳು. ಓಗೊಡುವಾಗ ಮುಖದ ಒಂದು ಗೆರೆಯೂ ಅಲುಗದಂತೆ ನೋಡಿಕೊಳ್ಳುವುದನ್ನು ಅವಳು ಬೆಸುಗೆ ಹಾಕುವುದಕ್ಕಿಂತ ಮೊದಲೇ ಕಲಿತಿದ್ದಳು.

ಆ ಹೆಸರನ್ನು ಇಟ್ಟವನು ಅವಳ ಮಾವ. ಅವನು ಬಾಡಿಗೆಗೆ ಮೈಕ್‌ಸೆಟ್ ಕೊಡುತ್ತಿದ್ದವನು. ಸಂಘದ ಸಭೆಯಿರಲಿ, ಶಾಲೆಯ ಓಟದ ಸ್ಪರ್ಧೆಯಿರಲಿ, ಅವನ ವಾಲ್ವಿನ ಆಂಪ್ಲಿಫೈಯರ್ ಬಿಸಿಯಾದ ಹೊರತು ಯಾರೂ ಬಾಯಿ ತೆರೆಯುವಂತಿರಲಿಲ್ಲ. ಕಬ್ಬಿಣದ ತಗಡಿನ, ಹಸಿರು ಬಣ್ಣದ, ಇಬ್ಬರು ಎತ್ತಬೇಕಾದ ಭಾರದ ಪೆಟ್ಟಿಗೆ ಅದು. ಸ್ವಿಚ್ಚು ಹಾಕಿದರೆ ಒಳಗಿನ ಗಾಜಿನ ವಾಲ್ವುಗಳು ಮೆಲ್ಲಗೆ ಕೆಂಪೇರಿ, ಹಾರ್ನು ಒಮ್ಮೆ ಗಂಟಲು ಸರಿಮಾಡಿಕೊಂಡು, ಆಮೇಲೆ ಮಾತಿಗೆ ಸಿದ್ಧವಾಗುತ್ತಿತ್ತು.

ಅವಳು ಸೊಸೆಯಾಗಿ ಆ ಮನೆಗೆ ಬಂದ ದಿನ ಮಾವ ಹಾರ್ನನ್ನು ಮಾಳಿಗೆಗೆ ಏರಿಸಿದ್ದ. ನಡುಮನೆಯ ಸಿಮೆಂಟು ನೆಲವನ್ನು ತಾನೇ ನಿಂತು ತೊಳೆಸಿದ್ದ. ನೆಂಟರು ಗೋಡೆಗುಂಟ ಕುಳಿತಿದ್ದರು. ಅವಳು ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತಿದ್ದಳು. ಮಾವ ರಬ್ಬರ್ ಅಟ್ಟೆಯ ಬೂಟು ತೊಟ್ಟು ಪೆಟ್ಟಿಗೆಯ ಹಿಂದೆ ನಿಂತಿದ್ದ.

"ಹೊಸ ಸೊಸೆ ನಾಲ್ಕು ಮಾತಾಡ್ಲಿ, ಬೀದಿಗೆಲ್ಲ ಕೇಳ್ಲಿ," ಎಂದು ಉಕ್ಕಿನ ಮೈಕನ್ನು ಅವಳ ಕೈಗೆ ಕೊಡಿಸಿದ.

ಅವಳು ನಮಸ್ಕಾರ ಎನ್ನಬೇಕೆಂದಿದ್ದಳು. ಪದ ನಾಲಿಗೆಗೆ ಬರುವ ಮುನ್ನವೇ ಅಂಗೈಯಿಂದ ಹೆಗಲಿನವರೆಗೆ ಯಾರೋ ಬಾರುಕೋಲು ಬೀಸಿದಂತಾಯಿತು. ಬೆರಳುಗಳು ಮೈಕನ್ನು ಕಚ್ಚಿಕೊಂಡವು, ಬಿಡಿಸಲಾಗಲಿಲ್ಲ. ಆಗ ಅವಳು ಕಿರುಚಿದ ಕಿರುಚು ಹಾರ್ನಿನೊಳಗೆ ಹೊಕ್ಕು ಹತ್ತು ಪಟ್ಟಾಗಿ ಬೀದಿಯ ಮೇಲೆ ಬಿತ್ತು. ಎದುರು ಮನೆಯವರು ಬೆಂಕಿ ಬಿತ್ತೆಂದು ಮಕ್ಕಳನ್ನು ಎತ್ತಿಕೊಂಡು ಹೊರಗೆ ಓಡಿ ಬಂದರು.

"ನೋಡ್ರಪ್ಪಾ, ಇನ್ಮೇಲೆ ಫ್ಯಾಕ್ಟರಿ ಸೈರನ್ ಯಾಕೆ ಬೇಕು? ನಮ್ಮನೇಗೇ ಬಂತು!" ಎಂದ ಮಾವ.

ನೆಂಟರು ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಗಂಡನೂ ನಕ್ಕ. "ಅಪ್ಪನ ತಮಾಷೆ ಹಾಗೇ ಕಣೇ, ಹೊಸಬರಿಗೆಲ್ಲ ಆ ಪೆಟ್ಟಿಗೆ ಒಂದು ಸಲ ಮುಟ್ಟಿ ನೋಡತ್ತೆ," ಎಂದು ಸಮಾಧಾನ ಹೇಳಿದ. ಅವಳ ಬಟ್ಟೆಯ ಅಂಚು ಒದ್ದೆಯಾಗಿತ್ತು. ಅದು ನೆಲ ತೊಳೆದ ನೀರಲ್ಲವೆಂಬುದು ತನಗೊಬ್ಬಳಿಗೇ ಗೊತ್ತು ಎಂದು ಅವಳು ಬಹಳ ಕಾಲ ನಂಬಿಕೊಂಡಿದ್ದಳು.

ಇನ್ನೊಂದು ನಂಬಿಕೆಯ ಮೇಲೆ ಅವಳು ಸಂಸಾರ ಕಟ್ಟಿದಳು: ಹಳೆಯ ಯಂತ್ರ, ಎಲ್ಲೋ ಕರೆಂಟು ಸೋರುತ್ತದೆ, ಯಾರ ತಪ್ಪೂ ಅಲ್ಲ. ಮಾವನ ರಿಪೇರಿ ಅಂಗಡಿಯ ಮೇಜಿನ ಪಕ್ಕದಲ್ಲಿ ಟಾರ್ಚು ಹಿಡಿದು ನಿಲ್ಲುವುದು ಅವಳ ಪಾಲಿಗೆ ಬಂದ ಕೆಲಸವಾಗಿತ್ತು. ಅವನು ಯಾವ ಭಾಗದ ಹೆಸರನ್ನೂ ಹೇಳಿಕೊಡಲಿಲ್ಲ. "ಬೆಳಕು ಇಲ್ಲಿ ಹಿಡಿ, ಕಣ್ಣು ಅಲ್ಲಿಡು," ಎಂದು ಗದರುತ್ತಿದ್ದ. ಅವಳು ಬೆಳಕನ್ನು ಅವನು ಹೇಳಿದಲ್ಲಿ ಹಿಡಿದು, ಕಣ್ಣನ್ನು ಮಾತ್ರ ತನಗೆ ಬೇಕಾದಲ್ಲಿ ಇಟ್ಟಳು. ಅವನ ಕಣ್ಣಿಗೆ ಪೊರೆ ಬಂದು, ಕೈ ನಡುಗತೊಡಗಿದಾಗ, ಮೇಜು ಅವಳದಾಯಿತು. ಅವನು ಬಾಗಿಲ ಬಳಿಯ ಕುರ್ಚಿಗೆ ಸರಿದ. ಕಣ್ಣು ಹೋದರೂ ಕಿವಿ ಮೊದಲಿಗಿಂತ ಚುರುಕಾಗಿತ್ತು, ನಾಲಿಗೆ ಕಿವಿಗಿಂತಲೂ.

"ಸೈರನ್ ಕೈ ಹಾಕಿದಾಳೆ, ಮನೆ ತಲುಪೋವರೆಗಾದ್ರೂ ಓಡತ್ತೆ, ತಗೊಂಡು ಹೋಗಿ," ಎಂದು ಗಿರಾಕಿಗಳಿಗೆ ಹೇಳುತ್ತಿದ್ದ. ಗಿರಾಕಿಗಳು ನಗುತ್ತಿದ್ದರು.

ಅವಳ ಮಗಳು ಗಿಟಾರ್ ನುಡಿಸುತ್ತಿದ್ದಳು. ಅಜ್ಜನಿಗೂ ಅವಳಿಗೂ ಬಲು ಸಲಿಗೆ. ತಾಯಿಯ ಬಾಯಿಂದ ಬಿದ್ದ ಮಾತು ಸಂಜೆಯೊಳಗೆ ಅಜ್ಜನ ಕಿವಿ ಸೇರುತ್ತಿತ್ತು. ಗಿಟಾರಿನ ಸ್ವರ ವಾಲ್ವಿನ ಮೂಲಕ ಹಾಯ್ದರೆ ಅದಕ್ಕೊಂದು ಒಡಕು ಬರುತ್ತದೆ, ಆ ಒಡಕೇ ತನಗೆ ಬೇಕು ಎಂದು ಮಗಳು ಹಟ ಹಿಡಿದಳು. ಮಾಳಿಗೆಯ ಮೂಲೆಯಲ್ಲಿ ಗೋಣಿ ಹೊದ್ದು ಕೂತಿದ್ದ ಹಸಿರು ಪೆಟ್ಟಿಗೆಯ ಮೇಲೆ ಅವಳ ಕಣ್ಣು ಬಿದ್ದಿತ್ತು.

"ನನ್ನ ಕಾಲದಲ್ಲಿ ಒಡಕು ಬಂದ್ರೆ ಜನ ಕಲ್ಲು ಹೊಡೀತಿದ್ರು. ಈಗ ಅದನ್ನೇ ಬೇಕು ಅಂತೀಯಲ್ಲೇ," ಎಂದ ಅಜ್ಜ. "ತಗೋ. ಆದ್ರೆ ಒಳಗಡೆ ಒಂದು ವೈರೂ ಕದಲಬಾರದು. ನಿಮ್ಮಮ್ಮ ಧೂಳು ಒರಸ್ಲಿ, ಸಾಕು."

ಧೂಳು ಒರೆಸಿದರೆ ಸಾಲುವ ಸ್ಥಿತಿ ಅದಲ್ಲವೆಂದು ತಗಡು ಬಿಚ್ಚಿದೊಡನೆ ಅವಳಿಗೆ ತಿಳಿಯಿತು. ಮೂಲೆಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿ ಬಿಟ್ಟುಹೋಗಿತ್ತು. ವೈರಿನ ಮೇಲಿನ ರಬ್ಬರು ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತಿತ್ತು. ಕರೆಂಟು ಹಿಡಿದಿಡುವ ದೊಡ್ಡ ಕಂಡೆನ್ಸರುಗಳು ಒಳಗೇ ಒಣಗಿ, ಹಾರ್ನಿಗೆ ಗುಂಯ್‌ಗುಡುವ ರೋಗ ತಂದಿದ್ದವು. ಅವಳು ಮೊದಲು ಅವುಗಳಲ್ಲಿ ಉಳಿದಿರಬಹುದಾದ ಕರೆಂಟನ್ನು ಇಳಿಸಿದಳು. ಬಿಚ್ಚಿಟ್ಟ ಪೆಟ್ಟಿಗೆಯೂ ಕಚ್ಚಬಲ್ಲದು. ಆಮೇಲೆ ಒಂದೊಂದನ್ನೇ ಬದಲಿಸಿದಳು. ಮೈಕಿನ ವೈರು ಸಿಕ್ಕಿಸಲೆಂದು ಮಾಡಿದ್ದ ಎರಡು ತೂತುಗಳಲ್ಲಿ ಒಂದನ್ನು ಮೈಕಿಗೇ ಉಳಿಸಿ, ಇನ್ನೊಂದನ್ನು ಗಿಟಾರಿನ ಕ್ಷೀಣ ಸ್ವರ ಸೊರಗದೆ ಒಳಹೊಗುವಂತೆ ಹೊಸದಾಗಿ ಕಟ್ಟಿದಳು. ಕಿರುಚಲು ಮಾತ್ರ ಬಲ್ಲ ಹಾರ್ನನ್ನು ಬಿಟ್ಟು, ಮರದ ಪೆಟ್ಟಿಗೆಯಲ್ಲಿ ಕಾಗದದ ಕೋನಿನ ಅಗಲ ಸ್ಪೀಕರ್ ಕೂರಿಸಿದಳು. ಎರಡು ಕಡ್ಡಿಯ ಪ್ಲಗ್ಗನ್ನು ಕತ್ತರಿಸಿ ಅರ್ಥಿಂಗ್ ಇರುವ ಮೂರು ಕಡ್ಡಿಯದನ್ನು ಹಾಕಿದಳು.

ಹಿಂಬದಿಯಲ್ಲಿ, ಕೆಳಗಡೆ, ಒಂದು ಪುಟ್ಟ ಸ್ವಿಚ್ಚಿತ್ತು. ಉಳಿದ ಎಲ್ಲದರ ಪಕ್ಕದಲ್ಲೂ ಮಾವ ಬಿಳಿ ಬಣ್ಣದಲ್ಲಿ ಅಕ್ಷರ ಬರೆದಿದ್ದ. ಇದರ ಪಕ್ಕ ಬರಿ ತಗಡು. ಆದರೆ ಸುತ್ತಲಿನ ಹಸಿರು ಬಣ್ಣ ಬೆರಳು ತಾಗಿ ತಾಗಿ ಸವೆದು ಕಬ್ಬಿಣ ಹೊಳೆಯುತ್ತಿತ್ತು. ಅವಳು ಅದರ ವೈರು ಹಿಡಿದು ಹೊರಟಳು. ಅದು ಮನೆಯ ಕರೆಂಟಿನಿಂದ ಹೊರಟು, ಹಳೆಯ ಕಾಗದದ ಕಂಡೆನ್ಸರೊಂದರ ಮೂಲಕ ಪೆಟ್ಟಿಗೆಯ ಮೈಗೇ ಸೇರಿತ್ತು. ಇಂಥ ಸ್ವಿಚ್ಚುಗಳು ಹಳೆಯ ಯಂತ್ರಗಳಲ್ಲಿ ಇರುತ್ತವೆ, ಗುಂಯ್‌ಗುಡುವಿಕೆ ಯಾವ ಕಡೆ ಕಡಿಮೆಯೋ ಆ ಕಡೆ ಇಡಲು. ಮೇಲಿದ್ದರೆ ಪೆಟ್ಟಿಗೆ ಸಾಧು. ಕೆಳಗೆ ಒತ್ತಿದರೆ ಅದರ ಮೈಗೆಲ್ಲ ಕರೆಂಟು ಬರುತ್ತದೆ, ಪೆಟ್ಟಿಗೆಗೆ ಜೋಡಿಸಿದ ಮೈಕಿಗೂ.

ಅವಳು ಬೆರಳಿಟ್ಟು ಒತ್ತಿದಳು. ಟಕ್ ಎಂದಿತು.

ಬಾಗಿಲ ಬಳಿಯ ಕುರ್ಚಿಯಲ್ಲಿ ಮಾವನ ತಲೆ ಗಕ್ಕನೆ ಎದ್ದಿತು. ಮುಖ ಅರಳಿತು.

"ಸಿಕ್ತೇನೇ ಸೈರನ್? ಇಷ್ಟು ವರ್ಷ ಬೇಕಾಯ್ತಾ ನಿಂಗೆ?"

"ಮಾವ, ಅವತ್ತು ನೀವೇ ಇದನ್ನ ಒತ್ತಿದ್ರಾ?"

"ಮತ್ತಿನ್ಯಾರು ಒತ್ತಬೇಕಿತ್ತು, ದೆವ್ವಾನಾ?"

ಮಗಳು ಗಿಟಾರಿನ ತಂತಿ ಬಿಗಿಯುತ್ತ ಕೂತಿದ್ದವಳು ಕಿವಿ ನಿಮಿರಿಸಿದಳು. "ಏನಜ್ಜ ಅದು? ಅಮ್ಮನಿಗೆ ನೀನೇ ಶಾಕ್ ಕೊಟ್ಟಿದ್ದಾ?"

"ಒಬ್ಬಳಿಗೇನಾ? ಭಾಷಣ ಉದ್ದ ಆದವರಿಗೆಲ್ಲ ಕೊಟ್ಟಿದೀನಿ. ಆದ್ರೆ ನಿಮ್ಮಮ್ಮನ ಹಾಗೆ ಯಾರೂ ಕೂಗ್ಲಿಲ್ಲ ಬಿಡು. ಅವತ್ತು ನೆಲ ಒದ್ದೆ ಮಾಡಿಸಿದ್ದು ನಾನು, ಆಮೇಲೆ ಇನ್ನೊಂಚೂರು ಒದ್ದೆ ಮಾಡಿದ್ದು ಅವಳು."

ಮಗಳು ನಕ್ಕುಬಿಟ್ಟಳು. ತಡೆಯಲಾರದೆ ಬಂದ ನಗು ಅದು. ಕೂಡಲೇ ಬಾಯಿಗೆ ಕೈ ಅಡ್ಡ ಹಿಡಿದಳು, ಆದರೆ ಹೆಗಲುಗಳು ಕುಲುಕುತ್ತಲೇ ಇದ್ದವು. ತಾಯಿ ಕಾದ ಬೆಸುಗೆಕಡ್ಡಿಯನ್ನು ಸ್ಟ್ಯಾಂಡಿನಲ್ಲಿಟ್ಟು, ಒದ್ದೆ ಬಟ್ಟೆಯಿಂದ ಕೈ ಒರೆಸಿಕೊಂಡಳು. ಮುಖದ ಗೆರೆ ಅಲುಗಲಿಲ್ಲ.

ಆ ಗಳಿಗೆಯಿಂದ ಅವಳಿಗೆ ಬೇಕಾದದ್ದು ಒಂದೇ ಒಂದು. ಈ ಮುದುಕ ಸಾಯುವುದರೊಳಗೆ ಅದೇ ಮೈಕನ್ನು ಹಿಡಿದು, ನಾಲ್ಕು ಜನರ ಎದುರಿಗೆ, ತಾನು ಕಿರುಚಿದಂತೆಯೇ ಕಿರುಚಬೇಕು.

ಅವಳು ಕೆಲಸ ಬಲ್ಲವಳು. ಆ ಕಂಡೆನ್ಸರು ಒಳಗೆ ಕೊಳೆತಿತ್ತು. ಹಿಂದೆ ಅದು ಬಾರುಕೋಲಿನಂತೆ ಹೊಡೆದಿತ್ತು, ಇನ್ನು ಹೊಡೆದರೆ ಜೀವ ತೆಗೆಯಬಹುದು; ಮೂರು ಕಡ್ಡಿಯ ಪ್ಲಗ್ಗು ಹಾಕಿದರೂ ಎಲ್ಲ ಗೋಡೆಗಳಲ್ಲಿ ಅರ್ಥಿಂಗ್ ಇರುತ್ತದೆಂದು ನಂಬುವಂತಿಲ್ಲ. ಮೈಕಾದರೋ ನಾಲ್ಕು ಮಾತಾಡಿ ಕೆಳಗಿಡುವ ವಸ್ತು. ಗಿಟಾರಿನ ತಂತಿಯನ್ನು ನುಡಿಸಿ ಮುಗಿಯುವವರೆಗೂ ಬಿಡುವಂತಿಲ್ಲ, ಆ ತಂತಿಗಳೂ ಪೆಟ್ಟಿಗೆಯ ಅದೇ ಮೈಗೆ ಸೇರುತ್ತವೆ. ಮಾವ ಮಧ್ಯಾಹ್ನ ಗೊರಕೆ ಹೊಡೆಯುತ್ತಿದ್ದಾಗ ಅವಳು ಕಂಡೆನ್ಸರನ್ನು ಬುಡಸಹಿತ ಕತ್ತರಿಸಿ ಕಸದ ಡಬ್ಬಿಗೆ ಹಾಕಿದಳು. ಸ್ವಿಚ್ಚನ್ನು ಮಾತ್ರ ಇದ್ದಲ್ಲೇ ಬಿಟ್ಟಳು. ಅದರ ಬೆನ್ನಿಗೆ ಈಗ ಯಾವ ವೈರೂ ಇರಲಿಲ್ಲ. ಟಕ್ ಎಂಬ ಸದ್ದೊಂದು ಉಳಿದಿತ್ತು. ಅವಳಿಗೆ ಅಷ್ಟು ಸಾಕಾಗಿತ್ತು.

ಮಗಳು ಕೇಳದೆ ಬಿಡಲಿಲ್ಲ. "ಅಮ್ಮಾ, ಆ ಸ್ವಿಚ್ಚಿನ ಕಥೆ ಏನು ಮಾಡ್ದೆ? ಅಜ್ಜ ಹೇಳ್ತಿದ್ದ, ಒತ್ತಿದ್ರೆ ನನ್ನ ತಂತಿಗೂ ಬರತ್ತಂತೆ."

ನಿಜ ಹೇಳಿದರೆ ಅದು ಸಂಜೆಯೊಳಗೆ ಕುರ್ಚಿಯವರೆಗೆ ಹೋಗುತ್ತದೆ. "ಅಜ್ಜ ಒಂದು ವೈರೂ ಮುಟ್ಟಬಾರದು ಅಂದಿಲ್ವಾ?" ಎಂದಳು ತಾಯಿ. "ಅದು ಮೇಲಿದ್ರೆ ಏನೂ ಆಗಲ್ಲ. ನೀನು ನುಡಿಸೋವಷ್ಟು ಹೊತ್ತು ನಾನೇ ಹಿಂದೆ ನಿಂತಿರ್ತೀನಿ. ಯಾರಿಗೂ ಮುಟ್ಟೋಕೆ ಬಿಡಲ್ಲ."

"ಆಣೆಗೂ?"

"ನಾನು ನಿನ್ನ ತಾಯಿ ಕಣೇ."

ಕಾರ್ಮಿಕರ ಸಂಘದ ಸಭಾಂಗಣದಲ್ಲಿ ಮಗಳು ಮೊದಲ ಬಾರಿ ಜನರೆದುರು ನುಡಿಸುವವಳಿದ್ದಳು. ಮಡಚುವ ಕುರ್ಚಿಗಳು ತುಂಬಿದ್ದವು. ಅರ್ಧ ಬೀದಿ ಬಂದಿತ್ತು. ಹಸಿರು ಪೆಟ್ಟಿಗೆಗೆ ಹೊಸ ಬಣ್ಣ ಬಳಿದಿದ್ದರು. ಮಗಳು ಪರೀಕ್ಷೆಗೆಂದು ಒಂದು ಸ್ವರ ಎಳೆದಳು. ವಾಲ್ವುಗಳು ಆ ಸ್ವರವನ್ನು ಕಾಯಿಸಿ, ಅಂಚಿನಲ್ಲಿ ಬಿರುಕು ಬಿಡಿಸಿ, ತುಂಬಿ ಹೊರಹಾಕಿದವು. ಹಿಂದಿನ ಸಾಲಿನ ಹರಟೆ ನಿಂತಿತು. ತಾಯಿಗೆ ಆ ಕ್ಷಣ ತನ್ನ ಕೈಗಳ ಬಗ್ಗೆ ಹೆಮ್ಮೆಯೆನಿಸಿತು. ಅಲ್ಲಿಗೆ ನಿಂತಿದ್ದರೆ ಅವಳ ಬದುಕಿನಲ್ಲಿ ಅದೊಂದು ಒಳ್ಳೆಯ ದಿನವಾಗುತ್ತಿತ್ತು.

"ಈ ಪೆಟ್ಟಿಗೆಯ ಯಜಮಾನರು ನಾಲ್ಕು ಮಾತಾಡ್ಲಿ," ಎಂದಳು ಅವಳು, ಎಲ್ಲರಿಗೂ ಕೇಳುವಂತೆ.

ಗಂಡ ತಂದೆಯನ್ನು ಕೈಹಿಡಿದು ವೇದಿಕೆಗೆ ಹತ್ತಿಸಿದ. ತಂದೆಯ ಕಾಲು ಬಾತುಕೊಂಡು ಬೂಟು ಹಿಡಿಸದಾಗಿ ಬಹಳ ದಿನವಾಗಿತ್ತು. ಮುದುಕ ಬರಿಗಾಲಲ್ಲಿ ನಿಂತ. ಗಂಡ ಉಕ್ಕಿನ ಮೈಕನ್ನು ಅವನ ಕೈಗಿತ್ತು ಕೆಳಗಿಳಿದ. ಮುದುಕ ಉಬ್ಬಿಹೋದ.

"ಈ ಪೆಟ್ಟಿಗೆ ನನ್ನ ಮೊದಲನೇ ಹೆಂಡತಿ ಇದ್ದ ಹಾಗೆ," ಎಂದು ಶುರುಮಾಡಿದ. ಜನ ನಕ್ಕರು. "ಇದು ಎಷ್ಟೋ ದೊಡ್ಡ ದನಿ ಕೇಳಿದೆ. ಆದ್ರೆ ಎಲ್ಲಕ್ಕಿಂತ ದೊಡ್ಡದು ಯಾವುದು ಗೊತ್ತಾ? ನಮ್ಮ ಸೊಸೆ..."

ಅವಳು ಪೆಟ್ಟಿಗೆಯ ಹಿಂದೆ ಬಾಗಿ, ಅವನ ಕಿವಿಗೆ ಮಾತ್ರ ಎಂಬಂತೆ ಹೇಳಿದಳು: "ಮಾವ, ಬೂಟು ಹಾಕ್ಕೊಂಡಿಲ್ಲ ನೀವು."

ಮತ್ತು ಒತ್ತಿದಳು. ಟಕ್.

ಕರೆಂಟು ಬರಲಿಲ್ಲ, ಬರುವುದಕ್ಕೆ ದಾರಿಯೇ ಇರಲಿಲ್ಲ. ಸ್ಪೀಕರಿನ ಗುಂಯ್ ಸದ್ದು ಒಂದಿನಿತೂ ಬದಲಾಗಲಿಲ್ಲವೆಂಬುದನ್ನು ಆ ಚುರುಕು ಕಿವಿ ಗಮನಿಸಬೇಕಿತ್ತು. ಹೆದರಿದ ಕಿವಿಗೆ ಅಷ್ಟು ವ್ಯವಧಾನವಿರಲಿಲ್ಲ. ಮುದುಕ ಬಾಯಿ ತೆರೆದು ಕಿರುಚಿದ. ಹೆಣ್ಣುದನಿಯಂಥ ತೆಳ್ಳನೆಯ ಆ ಕಿರುಚು ಮೈಕಿಗಿಳಿದು ಸಭಾಂಗಣವನ್ನೆಲ್ಲ ತುಂಬಿತು. ಅವನು ಮೈಕನ್ನು ಎಸೆದು ಹಿಂದಕ್ಕೆ ಕುಸಿದು ಕೂತ. ಅವನ ಪೈಜಾಮದ ಮುಂಭಾಗ ಕಪ್ಪಗಾಗುತ್ತ ಬಂತು.

"ಎರಡನೇ ಸೈರನ್!" ಎಂದು ಯಾರೋ ಕೂಗಿದರು. ಸಭೆ ನಕ್ಕಿತು. ಅವಳು ಆ ನಗುವನ್ನು ಕೊನೆಯ ಹನಿಯವರೆಗೆ ಕುಡಿದಳು.

ಆಮೇಲೆ ಇನ್ನೊಂದು ಕೂಗು ಕೇಳಿಸಿತು. ಅದು ಮನುಷ್ಯರದಾಗಿರಲಿಲ್ಲ. ಸಣ್ಣದಾಗಿ ಎದ್ದು ಏರುತ್ತ ಏರುತ್ತ ಕಿವಿ ಸೀಳುವಂತಾಯಿತು. ಗಿಟಾರು ಸ್ಪೀಕರಿನೆದುರು ನೆಲದ ಮೇಲೆ ಬಿದ್ದಿತ್ತು, ತನ್ನ ಸ್ವರವನ್ನೇ ಮತ್ತೆ ಮತ್ತೆ ನುಂಗಿ ಕಾರುತ್ತ ಊಳಿಡುತ್ತಿತ್ತು. ಮಗಳು ಅದನ್ನು ಬೀಳಿಸಿ ಗೋಡೆಗೆ ಒತ್ತಿಕೊಂಡು ನಿಂತಿದ್ದಳು. ಎರಡೂ ಅಂಗೈಗಳನ್ನು ಮುಖದ ಮುಂದೆ ಬಿಡಿಸಿಟ್ಟುಕೊಂಡು, ಅವು ಇನ್ನೂ ತನ್ನವೇ ಹೌದೇ ಎಂಬಂತೆ ನೋಡುತ್ತಿದ್ದಳು. ಆ ಟಕ್ ಅವಳಿಗೂ ಕೇಳಿಸಿತ್ತು. ಆಗ ಅವಳ ಹತ್ತೂ ಬೆರಳು ತಂತಿಗಳ ಮೇಲಿದ್ದವು.

ತಾಯಿ ಪೆಟ್ಟಿಗೆಯನ್ನು ಆರಿಸಿದಳು. "ಅದಕ್ಕೆ ವೈರೇ ಇಲ್ಲ ಕಣೇ, ನಾನು ಯಾವತ್ತೋ ಕಿತ್ತುಹಾಕಿದೀನಿ," ಎಂದಳು. ಮಗಳು ಗೋಡೆ ಬಿಟ್ಟು ಕದಲಲಿಲ್ಲ. ಅಂದು ನುಡಿಸಲೂ ಇಲ್ಲ.

ಮನೆಗೆ ಮರಳುವಾಗ ವ್ಯಾನಿನಲ್ಲಿ ಮುದುಕ ಗೋಣಿಯ ಮೇಲೆ ಒರಗಿದ್ದ. ಬೀದಿಯ ತಿರುವಿನಲ್ಲಿ ಮೆಲ್ಲಗೆ ನಗತೊಡಗಿದ.

"ಭೇಷ್," ಎಂದ. "ಇವತ್ತು ನೀನು ನಮ್ಮನೆಯವಳಾದೆ."

ಅವಳು ಕಿಟಕಿಯ ಹೊರಗೆ ನೋಡಿದಳು. ಪಕ್ಕದಲ್ಲಿ ಮಗಳು ಇಬ್ಬರಿಗೂ ತಾಗದಂತೆ ಮುದುರಿ ಕೂತಿದ್ದಳು.

ಮರುದಿನ ಅವಳು ಮೇಜಿನ ಮೇಲೆ ಪೆಟ್ಟಿಗೆಯನ್ನು ತಲೆಕೆಳಗು ಮಾಡಿ, ತಗಡು ಬಿಚ್ಚಿ, ಸ್ವಿಚ್ಚಿನ ಬೋಳು ಬೆನ್ನನ್ನು ಮಗಳಿಗೆ ತೋರಿಸಿದಳು. ಮಗಳು ಬಗ್ಗಿ ನೋಡಿದಳು. ಕಾಣುವುದೆಲ್ಲ ಕಂಡಿತು, ಅನುಮಾನಕ್ಕೆ ಎಡೆಯಿರಲಿಲ್ಲ. ತಾಯಿ ತಗಡು ಮುಚ್ಚಿ ಪೆಟ್ಟಿಗೆಯನ್ನು ನಿಲ್ಲಿಸಿ ಹಚ್ಚಿದಳು. ವಾಲ್ವುಗಳು ಕೆಂಪೇರಿದವು. ಗಿಟಾರಿನ ವೈರನ್ನು ತಾನೇ ಸಿಕ್ಕಿಸಿ, "ನುಡಿಸು," ಎಂದಳು.

ಮಗಳು ಮೇಜಿನ ಡಬ್ಬಿಯಿಂದ ಟೆಸ್ಟರ್ ಎತ್ತಿಕೊಂಡಳು. ಅದರ ಮೊನೆಯನ್ನು ಮೊದಲು ಪೆಟ್ಟಿಗೆಗೆ, ಆಮೇಲೆ ತಂತಿಗಳಿಗೆ ಒಂದಾದ ಮೇಲೊಂದರಂತೆ ತಾಗಿಸಿ, ಕಣ್ಣಿಗೆ ಹತ್ತಿರ ಹಿಡಿದು ಪರೀಕ್ಷಿಸಿದಳು. ಟೆಸ್ಟರಿನ ದೀಪ ಉರಿಯಲಿಲ್ಲ.

"ನೋಡಿದ್ಯಾ? ಇಲ್ಲ," ಎಂದಳು ತಾಯಿ.

"ಇವತ್ತು ಇಲ್ಲ," ಎಂದಳು ಮಗಳು. ಟೆಸ್ಟರನ್ನು ಡಬ್ಬಿಗೆ ಮರಳಿಸದೆ ಜೇಬಿಗೆ ಹಾಕಿಕೊಂಡಳು.