ಬೂದಿಯಲ್ಲಿಟ್ಟ ಬೀಜ

ನಮ್ಮೂರಿನಲ್ಲಿ ಬೀಜ ಬೇಕೆಂದರೆ ನನ್ನನ್ನೇ ಕೇಳುತ್ತಾರೆ. ಸೌತೆ, ಹೀರೆ, ಬದನೆ, ಯಾವುದೇ ಆಗಲಿ, ಬೂದಿಯಲ್ಲಿ ಹೊರಳಿಸಿ, ಒಣಗಿಸಿ ಡಬ್ಬಿಗೆ ಹಾಕಿಟ್ಟರೆ ಮಳೆಗಾಲಕ್ಕೆ ಒಂದೂ ಹುಟ್ಟದೆ ಇರುವುದಿಲ್ಲ. ಹರಿಹರಪುರದ ತನಕ ನನ್ನ ಬೀಜ ಹೋಗಿದೆ. ಆ ಜಂಬ ನನಗೆ ಸ್ವಲ್ಪ ಹೆಚ್ಚೇ ಇತ್ತು.

ಕಿಗ್ಗದ ದೊಡ್ಡಮ್ಮನ ಕಾಫಿ ತೋಟದಲ್ಲಿ ಒಂದು ಐಸ್‌ಕ್ರೀಮ್ ಬೀನ್ಸ್ ಮರವಿತ್ತು. ತೀರಿಕೊಂಡ ದೊಡ್ಡಪ್ಪ ನೆಟ್ಟದ್ದು. ಮೊಳದುದ್ದದ ಕೋಡು, ಸೀಳಿದರೆ ಹತ್ತಿಯಂಥ ಬಿಳಿ ತಿರುಳು, ಬಾಯಿಗಿಟ್ಟರೆ ಕರಗುವ ಸಿಹಿ. ಅದರ ಬೇರು ಮಣ್ಣಿಗೆ ಸಾರ ಕೊಡುತ್ತದೆ, ಸುತ್ತಲಿನ ಕಾಫಿಗೆ ಗೊಬ್ಬರವೇ ಅಷ್ಟಾಗಿ ಬೇಡ ಎಂದು ದೊಡ್ಡಮ್ಮ ಹೇಳುತ್ತಿದ್ದರು. ಕಳೆದ ಬೇಸಿಗೆಯ ಕೊನೆಯ ಗಾಳಿಗೆ ಆ ಮರ ಮುರಿದುಬಿತ್ತು. ಬಲಿತಿದ್ದ ಒಂದೇ ಕೋಡನ್ನು ದೊಡ್ಡಮ್ಮ ನನ್ನ ಕೈಗಿಟ್ಟರು.

“ಇವತ್ತೇ ಮಣ್ಣಿಗೆ ಹಾಕು ಮಾರಾಯ್ತಿ. ಇದು ಕೋಡಿನೊಳಗೇ ಮೊಳಕೆ ಒಡೀತದೆ, ಒಣಗಿಸ್ಬೇಡ. ಒಂದು ಗಿಡ ಆದ್ರೆ ಸಾಕು ನಂಗೆ.”

ಬೀಜದ ವಿಷಯ ನನಗೇ ಹೇಳಿಕೊಡುತ್ತಾರಲ್ಲ ಎಂದು ಒಳಗೊಳಗೇ ಸಿಟ್ಟು ಬಂತು. ಎಲ್ಲ ಬೀಜವನ್ನೂ ಬೂದಿಯಲ್ಲಿ ಹೊರಳಿಸಿ ಒಣಗಿಸಿಯೇ ಇಟ್ಟೆ. ಮಳೆ ಹಿಡಿದ ಮೇಲೆ ಚೀಲಗಳಿಗೆ ಮಣ್ಣು ತುಂಬಿ ಹಾಕಿದೆ. ಒಂದೂ ಹುಟ್ಟಲಿಲ್ಲ. ಕೆದಕಿ ನೋಡಿದರೆ ಕಪ್ಪಾಗಿ ಸುಕ್ಕುಗಟ್ಟಿದ್ದವು.

ಅಷ್ಟರಲ್ಲಿ ದೊಡ್ಡಮ್ಮನ ಫೋನ್ ಬಂತು. “ಹುಟ್ಟಿತಾ?”

“ಒಂದು ಹುಟ್ಟಿದೆ ದೊಡ್ಡಮ್ಮ,” ಎಂದುಬಿಟ್ಟೆ. ಆಮೇಲೆ ಅವರು ಫೋನ್ ಮಾಡಿದಾಗಲೆಲ್ಲ ಇಲ್ಲದ ಆ ಗಿಡಕ್ಕೆ ಎರಡೆರಡು ಎಲೆ ಸೇರಿಸುತ್ತ ಹೋದೆ. ಪ್ರತಿ ಸಲವೂ ನಾಚಿಕೆಯಾಗುತ್ತಿತ್ತು. ಆದರೂ ನಿಲ್ಲಿಸಲಿಲ್ಲ.

ಮಳೆ ಬಿಟ್ಟ ಮೇಲೆ ಒಂದು ದಿನ ದೊಡ್ಡಮ್ಮ ಹೇಳದೆ ಕೇಳದೆ ಬಸ್ಸಿಳಿದು ಬಂದರು. ಕೈಯಲ್ಲಿ ಬಿದಿರಿನ ಗೂಡು. ದನ ಬಾಯಿ ಹಾಕದಂತೆ ಗಿಡದ ಸುತ್ತ ಇಡಲು ತಾವೇ ಹೆಣೆದಿದ್ದರು.

“ಎಲ್ಲಿ, ತೋರ್ಸು.”

ಬರೀ ಮಣ್ಣಿದ್ದ ಚೀಲಗಳನ್ನು ತೋರಿಸಿದೆ. ಬೂದಿಯಿಂದ ಹಿಡಿದು ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಜಗಲಿಯಲ್ಲಿ ಕೂತು ನೀರು ಕುಡಿದು ಲೋಟ ಕೆಳಗಿಟ್ಟರು.

“ಬೀಜ ಹೋದ್ರೆ ಹೋಗ್ಲಿ. ಮುರಿದ ಮರದ ಬುಡ ಚಿಗುರಿತ್ತು ಮಾರಾಯ್ತಿ. ನಿನ್ನ ಹತ್ರ ಗಿಡ ಇದೆಯಲ್ಲ ಅಂತ ಅದನ್ನ ಕೀಳಿಸಿ ಅಲ್ಲಿ ಸಿಲ್ವರ್ ಓಕ್ ಗಿಡ ನೆಡಿಸಿದೆ.”

ಸಂಜೆ ಬಸ್ಸಿಗೆ ಅವರನ್ನು ಬಿಡಲು ಹೋಗುವಾಗ ಗೂಡನ್ನು ನಾನೇ ಹಿಡಿದುಕೊಂಡಿದ್ದೆ. ಬಸ್ಸು ಬಂದಾಗ ಮುಂದೆ ಚಾಚಿದೆ. ಅವರು ತೆಗೆದುಕೊಳ್ಳಲಿಲ್ಲ.